ಸೋತರೂ ಗೆದ್ದ ದುರ್ಗದ ವಕೀಲರು

ಎಸ್. ನಿಜಲಿಂಗಪ್ಪನವರ ಹೆಸರು ಎಲ್ಲರೂ ಕೇಳಿದ್ದೀರಿ. ಆದರೆ ಅವರೂ ಚುನಾವಣೆಯಲ್ಲಿ ಸೋತಿದ್ದರು ಅನ್ನೋದು ಎಷ್ಟು ಜನಕ್ಕೆ ಗೊತ್ತು?

ಅವರು 1902ರಲ್ಲಿ ಹಲುವಾಗಲು ಎಂಬ ಹಳ್ಳಿಯಲ್ಲಿ ಹುಟ್ಟಿದರು. ಆಗ ಅದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. ಶಾಲೆ ಓದಿದ್ದು ದಾವಣಗೆರೆಯಲ್ಲಿ. ಅದು ಮೈಸೂರು ಮಹಾರಾಜರ ಸೀಮೆ. ಎರಡೂ ಕಡೆ ಮಾತು ಕನ್ನಡವೇ, ಸರ್ಕಾರ ಮಾತ್ರ ಬೇರೆ ಬೇರೆ! ಪುಣೆಯಲ್ಲಿ ಕಾನೂನು ಓದಿ ಚಿತ್ರದುರ್ಗದಲ್ಲಿ ವಕೀಲರಾದರು. ಸ್ವಾತಂತ್ರ್ಯ ಚಳವಳಿಗೆ ಸೇರಿ ಜೈಲಿಗೂ ಹೋದರು.

ಕನ್ನಡನಾಡು ಒಂದಾಗೋದು ಹಳೇ ಮೈಸೂರಿನ ಕೆಲವು ಮುಖಂಡರಿಗೆ ಬೇಡವಾಗಿತ್ತು. ಇವರು ಬೇಕೇ ಬೇಕು ಅಂದರು. 1956ರ ನವೆಂಬರ್ 1ರಂದು ನಾಡು ಒಂದಾಯಿತು. ಇವರೇ ಅದರ ಮೊದಲ ಮುಖ್ಯಮಂತ್ರಿ. 1958ರವರೆಗೆ ಇದ್ದರು.

1962ರಲ್ಲಿ ಇವರ ಪಕ್ಷ ಗೆದ್ದಿತು, ಆದರೆ ಹೊಸದುರ್ಗದಲ್ಲಿ ಇವರೇ ಸೋತರು. ಶಾಸಕರಲ್ಲದವರೂ ಆರು ತಿಂಗಳು ಮಂತ್ರಿಯಾಗಿರಬಹುದು, ಅಷ್ಟರೊಳಗೆ ಆರಿಸಿ ಬರಬೇಕು ಅಂತ ಸಂವಿಧಾನದಲ್ಲಿದೆ. ಆದರೂ ಇವರು ಆಗ ಕುರ್ಚಿ ಹತ್ತಲಿಲ್ಲ. ಎಸ್. ಆರ್. ಕಂಠಿಯವರು ಮುಖ್ಯಮಂತ್ರಿಯಾದರು. ಆಮೇಲೆ ಇವರು ಬಾಗಲಕೋಟೆಯಿಂದ ಅವಿರೋಧವಾಗಿ ಆರಿಸಿ ಬಂದರು. ಸುಮಾರು ಮೂರೇ ತಿಂಗಳಿಗೆ ಕಂಠಿಯವರು ಕುರ್ಚಿ ಬಿಟ್ಟುಕೊಟ್ಟರು. ನಿಜಲಿಂಗಪ್ಪನವರು 1968ರವರೆಗೆ ಆಳಿದರು. 2000ದಲ್ಲಿ ಚಿತ್ರದುರ್ಗದಲ್ಲಿ ತೀರಿಕೊಂಡರು.

1956ಕ್ಕೆ ಮುಂಚೆ ಬಾಗಲಕೋಟೆ ಮುಂಬಯಿ ರಾಜ್ಯದಲ್ಲಿತ್ತು. ನಾಡು ಒಂದಾಗದಿದ್ದರೆ ಅಲ್ಲಿಂದ ಗೆಲ್ಲೋದು ಎಲ್ಲಿ ಬಂತು? ಅವರು ಕೂಡಿಸಿದ ನಾಡೇ ಅವರ ಕೈ ಹಿಡಿಯಿತು ಅಂತ ನನಗೆ ಅನ್ನಿಸುತ್ತೆ.

ಕಂಠಿಯವರನ್ನೂ ಮರೀಬಾರದು. ನಮ್ಮ ತರಗತಿಯಲ್ಲಿ ಮುಂದಿನ ಬೆಂಚನ್ನೇ ಯಾರೂ ಬಿಟ್ಟುಕೊಡಲ್ಲ!