ಅರ್ಧ ಗಂಟೆಯಲ್ಲಿ ಎರಡು ಹೊಳೆ

ಬೆಂಗಳೂರಿಂದ ಶಿವಮೊಗ್ಗಕ್ಕೆ ರೈಲಲ್ಲಿ ಬರೋರು ತರೀಕೆರೆ ದಾಟಿದ ಮೇಲೆ ಫೋನ್ ಜೇಬಿಗಿಟ್ಟು ಕಿಟಕಿ ಪಕ್ಕ ಕೂರಬೇಕು. ಭದ್ರಾವತಿಯಲ್ಲಿ ಭದ್ರೆ ಸಿಗುತ್ತಾಳೆ. ಹೆಚ್ಚುಕಮ್ಮಿ ಅರ್ಧ ಗಂಟೆಗೆ ಶಿವಮೊಗ್ಗದ ಸೇತುವೆ ಕೆಳಗೆ ತುಂಗೆ. ಇಬ್ಬರೂ ಹುಟ್ಟಿದ್ದು ಕುದುರೆಮುಖದ ಗಂಗಾಮೂಲದಲ್ಲೇ. ಬೇರೆ ಬೇರೆ ದಾರಿ ಹಿಡಿದು ಬಂದು, ಶಿವಮೊಗ್ಗದಿಂದ ಸುಮಾರು 15 ಕಿ.ಮೀ. ದೂರದ ಕೂಡ್ಲಿಯಲ್ಲಿ ಮತ್ತೆ ಸೇರುತ್ತಾರೆ.

ನಮ್ಮದು ಅರೆಮಲೆನಾಡು. ತೀರ್ಥಹಳ್ಳಿ ಕಡೆ ಹೋದರೆ ಜಡಿಮಳೆ, ಚನ್ನಗಿರಿ ಕಡೆ ತಿರುಗಿದರೆ ಬಯಲು. ನಡುವೆ ತೇಗ, ಮತ್ತಿ, ಹೊನ್ನೆ, ಬಿದಿರಿನ ಕಾಡು. ಬೇಸಿಗೆಯಲ್ಲಿ ಎಲೆಯುದುರಿಸಿ ಬೋಳಾಗಿ ನಿಂತಿರುತ್ತೆ. ನಾಲ್ಕು ಮಳೆ ಬಿದ್ದರೆ ಗುರುತೇ ಸಿಗಲ್ಲ. ಆದರೆ ಹಸಿರಾಗಿ ಕಂಡಿದ್ದೆಲ್ಲ ಕಾಡಲ್ಲ. ಹಿಂದೆ ಬೆಂಕಿಪುರ ಅನ್ನಿಸಿಕೊಂಡಿದ್ದ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿದಾಗ ಅದಕ್ಕೆ ಬೇಕಾಗಿದ್ದು ಇದ್ದಿಲು. ಸುತ್ತಲಿನ ಕಾಡಿನ ಮರ ಅದರ ಹೊಟ್ಟೆಗೆ ಹೋಯ್ತು. ಆಮೇಲೆ ಕಾಗದದ ಕಾರ್ಖಾನೆಗಾಗಿ ನೀಲಗಿರಿ, ಅಕೇಶಿಯಾ ಬಂದವು. ಅಕೇಶಿಯಾ ನೆಡುತೋಪಿನೊಳಗೆ ಒಮ್ಮೆ ನಡೆದು ನೋಡಿ, ಕಾಲಡಿ ಒಣ ಎಲೆಯದೇ ಸದ್ದು.

ಈ ಸಲ ನಾನು ಊರಿಗೆ ಹೋಗಿದ್ದು ಹೊಳೆ ನೋಡೋಕಲ್ಲ. "ಗದ್ದೆಗೆ ಅಡಿಕೆ ಇಡೋಣ ಅಂತಿದೀನಿ, ಬಂದು ಒಂದು ಮಾತು ಹೇಳು" ಅಂತ ಅಪ್ಪ ಫೋನ್ ಮಾಡಿದ್ದರು. ನಮ್ಮದು ಭದ್ರಾ ನಾಲೆಯ ಗದ್ದೆ. ಲಕ್ಕವಳ್ಳಿ ಡ್ಯಾಂ 186 ಅಡಿ ತುಂಬಿತು ಅಂದರೆ ಮನೆಯಲ್ಲಿ ಪಾಯಸ. ಈಗ ಎಡಕ್ಕೂ ಬಲಕ್ಕೂ ಅಡಿಕೆ ತೋಟ; ನಡುವೆ ನಮ್ಮ ಗದ್ದೆಯೊಂದೇ ತೆರೆದ ಬಾಗಿಲ ಹಾಗೆ.

ಬದುವಿನ ಮೇಲೆ ನಿಂತು ನಾನು ಕೊಕ್ಕರೆ, ಏಡಿ, ರಾತ್ರಿಯ ಕಪ್ಪೆ ಕೂಗು ಅಂತೆಲ್ಲ ಭಾಷಣ ಬಿಗಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡರು.

"ನಾಟಿಗೆ ಆಳು ಸಿಗಲ್ಲ ಕಣೋ. ಕೊಕ್ಕರೆ ಬಂದು ನಾಟಿ ಮಾಡುತ್ತಾ?"

ತಿಂಗಳ ಸಂಬಳದಲ್ಲಿ ಬದುಕೋ ನನ್ನ ಹತ್ರ ಉತ್ತರ ಇರಲಿಲ್ಲ. ರಾತ್ರಿ ಊಟ ಆದಮೇಲೆ ಲೆಕ್ಕ ಹಾಕಿದೆವು. ಫಸಲು ಕೈಗೆ ಬರೋಕೆ ಐದಾರು ವರ್ಷ. ನಾಲೆಗೆ ವರ್ಷವಿಡೀ ನೀರು ಬಿಡಲ್ಲ, ಹಾಗಾಗಿ ಬೋರ್ ಕೊರೆಸಲೇಬೇಕು. ಬೋರಲ್ಲಿ ನೀರು ಬರದಿದ್ದರೆ? ಅಪ್ಪ ಎಲೆಗೆ ಸುಣ್ಣ ಸವರುತ್ತಾ ಕೂತರು.

"ಮೇಲಿನ ಎರಡು ಮಡಿಗೆ ಅಡಿಕೆ. ಕೆಳಗಿನದು ಈ ವರ್ಷ ಭತ್ತಕ್ಕೇ ಇರಲಿ. ಆದ್ರೆ ನಾಟಿಗೆ ನೀನು ಬರಬೇಕು."

ವಾಪಸ್ ರೈಲು ಭದ್ರೆ ದಾಟುವಾಗ ಕತ್ತಲು. ಅಷ್ಟರಲ್ಲೇ ಅಪ್ಪನ ಮೆಸೇಜ್: "ಡ್ಯಾಂ ಮೂರು ಅಡಿ ಏರಿದೆ. ರಜಾ ಕೇಳಿದ್ಯಾ?"