ಶಿಷ್ಯನು ಸಂಶೋಧಕನಾಗುವ ಬಗೆ

ಪದವಿಯ ಮೇಲೆ ಪದವಿಯನ್ನು ಗಳಿಸಿ, ಪರೀಕ್ಷೆಗಳಲ್ಲಿ ಮೊದಲಿಗರೆನಿಸಿ, ವಿಜ್ಞಾನದ ಪ್ರಯೋಗಾಲಯವೊಂದರ ಹೊಸ್ತಿಲಿಗೆ ಬಂದು ನಿಲ್ಲುವ ತರುಣ ತರುಣಿಯರಿಗೆ ಅಲ್ಲಿ ಮೊದಲು ಎದುರಾಗುವುದು ಒಂದು ವಿಚಿತ್ರವಾದ ನಿಶ್ಶಬ್ದ. ಅಲ್ಲಿಯವರೆಗೆ ಅವರು ಕಲಿತ ಪಾಠಗಳಲ್ಲಿ ಪ್ರತಿಯೊಂದು ಪ್ರಶ್ನೆಗೂ ಒಂದು ಉತ್ತರವಿತ್ತು. ಆ ಉತ್ತರವನ್ನು ಬಲ್ಲವರೊಬ್ಬರು ಎದುರಿಗೆ ಕುಳಿತಿರುತ್ತಿದ್ದರು. ಸಂಶೋಧನೆಯಲ್ಲಾದರೋ ಉತ್ತರವನ್ನು ಬಲ್ಲವರು ಯಾರೂ ಇಲ್ಲ. ಕೇಳಿದ ಪ್ರಶ್ನೆಯು ಕೇಳತಕ್ಕದ್ದೇ ಎಂಬುದೂ ನಿಶ್ಚಯವಿಲ್ಲ. ಪರರ ಮಾತನ್ನು ನಂಬಿ ಬೆಳೆದ ಮನಸ್ಸು ತನ್ನ ಕಣ್ಣು ಕಂಡದ್ದನ್ನು ತಾನೇ ಶಂಕಿಸಿ, ಪರೀಕ್ಷಿಸಿ, ಕೊನೆಗೆ ನಂಬುವ ಧೈರ್ಯವನ್ನು ಪಡೆಯುವುದೆಂತು?

ಇದಕ್ಕೆ ವಿಶ್ವವಿದ್ಯಾಲಯಗಳು ಕಟ್ಟಿಕೊಟ್ಟಿರುವ ಮೆಟ್ಟಿಲುಗಳು ಎಲ್ಲರಿಗೂ ಗೋಚರವಾಗಿವೆ. ಪಿಎಚ್.ಡಿ. ಪದವಿಗೆ ನಮ್ಮ ದೇಶದಲ್ಲಿ ಕನಿಷ್ಠ 3 ವರ್ಷ, ಸಾಮಾನ್ಯವಾಗಿ ಗರಿಷ್ಠ 6 ವರ್ಷಗಳ ಅವಧಿ. ಮೊದಲು ಕೋರ್ಸ್‌ವರ್ಕ್, ನಡುನಡುವೆ ಸಲಹಾ ಸಮಿತಿಯ ಮುಂದೆ ಪ್ರಗತಿಯ ವರದಿ, ಕೊನೆಗೆ ಮಹಾಪ್ರಬಂಧ ಮತ್ತು ಮೌಖಿಕ ಪರೀಕ್ಷೆ. ಈ ಮೆಟ್ಟಿಲುಗಳು ಅವಶ್ಯವಾದುವೇ. ಆದರೆ ಒಳಗೆ ನಡೆಯುವ ಪರಿವರ್ತನೆ ಎಂತಹದೆಂಬುದನ್ನು ಅರಿಯಬೇಕಾದರೆ, ಆ ದಾರಿಯಲ್ಲಿ ನಡೆದವರ ಬದುಕನ್ನೇ ಹತ್ತಿರದಿಂದ ನೋಡಬೇಕು.

ಕಲ್ಕತ್ತೆಯ ಬೌಬಜಾರ್ ಬೀದಿಯಲ್ಲಿದ್ದ ಭಾರತೀಯ ವಿಜ್ಞಾನ ಸಂವರ್ಧನ ಸಂಘದಲ್ಲಿ ಸಿ. ವಿ. ರಾಮನ್ ಅವರು ದ್ರವಗಳೊಳಗೆ ಬೆಳಕು ಚದುರುವ ಬಗೆಯನ್ನು ಶೋಧಿಸುತ್ತಿದ್ದ ಕಾಲವದು. ಬಿಸಿಲಿನ ಕಿರಣವನ್ನು ನೀಲಿ-ನೇರಿಳೆಯ ಗಾಜಿನ ಮೂಲಕ ಹಾಯಿಸಿ ದ್ರವದೊಳಕ್ಕೆ ಬಿಡುವುದು. ಆ ಬಣ್ಣವನ್ನು ಸಂಪೂರ್ಣವಾಗಿ ತಡೆಯಬಲ್ಲ ಇನ್ನೊಂದು ಗಾಜನ್ನು ಕಣ್ಣಿನ ಮುಂದೆ ಹಿಡಿಯುವುದು. ಆಗ ಕಣ್ಣಿಗೆ ಕತ್ತಲೆಯಲ್ಲದೆ ಬೇರೇನೂ ಕಾಣಬಾರದು. ಆದರೆ 1923ರಲ್ಲಿ ಶಿಷ್ಯರಾದ ಕೆ. ಆರ್. ರಾಮನಾಥನ್ ಅವರಿಗೆ ಆ ಕತ್ತಲೆಯಲ್ಲಿ ಕ್ಷೀಣವಾದೊಂದು ಬೆಳಕಿನ ಗೆರೆ ಕಂಡಿತು. ದ್ರವದಲ್ಲಿ ಸೇರಿದ ಕಲ್ಮಷವೇ ಇದಕ್ಕೆ ಕಾರಣವಿರಬೇಕೆಂದು ಅದನ್ನು ಮತ್ತೆ ಮತ್ತೆ ಬಟ್ಟಿಯಿಳಿಸಿ ಶುದ್ಧಿಮಾಡಿದರೂ ಆ ಗೆರೆ ಅಳಿಯಲಿಲ್ಲ. ವಿದ್ಯಾರ್ಥಿದೆಶೆಯ ನಿಜವಾದ ಪಾಠವೆಂದರೆ ಇದು: ಅನುಕೂಲವಾದ ವಿವರಣೆಯೊಂದು ಕೈಯಲ್ಲಿರುವಾಗಲೂ, ಮಾಸದೆ ಉಳಿದ ಆ ಅಲ್ಪವನ್ನು ಕಡೆಗಣಿಸದಿರುವ ಶೀಲ.

ಅದೇ 1923ರಲ್ಲಿ ಅಲ್ಲಿಗೆ ಸೇರಿದ ಕೆ. ಎಸ್. ಕೃಷ್ಣನ್ ಅವರನ್ನು, ಕೆಲಕಾಲದಿಂದ ಸಿದ್ಧಾಂತದ ಲೆಕ್ಕಾಚಾರಗಳಲ್ಲಿ ಮುಳುಗಿದ್ದವರನ್ನು, 1928ರ ಫೆಬ್ರವರಿಯಲ್ಲಿ ರಾಮನ್ ಮತ್ತೆ ಪ್ರಯೋಗದ ಮೇಜಿಗೆ ಕರೆತಂದರು. ದ್ರವದಿಂದ ದ್ರವಕ್ಕೆ ಹೋಗುತ್ತ ಕೃಷ್ಣನ್ ಆ ಬೆಳಕನ್ನು ಪರೀಕ್ಷಿಸಿದರು. ಅದು ಬಲವಾಗಿ ಧ್ರುವೀಕೃತವಾಗಿತ್ತು, ಆದಕಾರಣ ಸಾಮಾನ್ಯವಾದ ಪ್ರತಿದೀಪ್ತಿಯಾಗಿರಲಾರದು. ಗುರುಶಿಷ್ಯರಿಬ್ಬರ ಹೆಸರಿನಲ್ಲಿ ಮಾರ್ಚ್ 31ರ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಪುಟ್ಟ ಲೇಖನವು, ಸುಮಾರು 60 ದ್ರವಗಳಲ್ಲಿಯೂ ಈ ಹೊಸ ವಿಕಿರಣ ಕಂಡುಬಂದಿತೆಂದು ಲೋಕಕ್ಕೆ ಸಾರಿತು.

ಇಷ್ಟರಿಂದ ಕೃಷ್ಣನ್ ಸ್ವತಂತ್ರ ಸಂಶೋಧಕರಾದರೆ? ಇಲ್ಲವೆಂದೇ ನನ್ನ ಭಾವನೆ. ಪ್ರಶ್ನೆಯು ಇನ್ನೂ ಗುರುವಿನದಾಗಿತ್ತು. ಆ ವರ್ಷದ ಕೊನೆಯಲ್ಲಿ ಅವರು ಢಾಕಾ ವಿಶ್ವವಿದ್ಯಾಲಯಕ್ಕೆ ಹೋದರು. ಕೀರ್ತಿ ತಂದಿದ್ದ ಚದರಿಕೆಯ ಹಾದಿಯಲ್ಲೇ ಮುಂದುವರಿಯುವುದು ಸುಲಭವಾಗಿದ್ದಾಗ, ಸ್ಫಟಿಕಗಳ ಕಾಂತಗುಣವೆಂಬ ಬೇರೆಯೇ ಕ್ಷೇತ್ರವನ್ನು ಅಲ್ಲಿ ತಮ್ಮದನ್ನಾಗಿ ಮಾಡಿಕೊಂಡರು. ಕೂದಲಿಗಿಂತ ನವುರಾದ ಕ್ವಾರ್ಟ್ಸ್ ಎಳೆಯೊಂದಕ್ಕೆ ಚಿಕ್ಕ ಸ್ಫಟಿಕವನ್ನು ಕಟ್ಟಿ, ಕಾಂತಕ್ಷೇತ್ರದ ನಡುವೆ ತೂಗಬಿಟ್ಟು, ಎಳೆಯ ಮೇಲ್ತುದಿಯನ್ನು ಮೆಲ್ಲಮೆಲ್ಲನೆ ತಿರುಚುತ್ತ ಹೋದರೆ, ಕಾಂತದ ಹಿಡಿತದಲ್ಲಿರುವ ಸ್ಫಟಿಕವು ಬಹಳ ಹೊತ್ತು ಅಲುಗದಂತಿದ್ದು, ಒಂದು ಗಳಿಗೆಯಲ್ಲಿ ತಟಕ್ಕನೆ ಹೊರಳಿಬಿಡುತ್ತದೆ. ಆ ತಿರುಚಿನ ಕೋನದಿಂದಲೇ, ಬೇರೆಬೇರೆ ದಿಕ್ಕುಗಳಲ್ಲಿ ಸ್ಫಟಿಕದ ಕಾಂತಗುಣ ಎಷ್ಟು ಭಿನ್ನವೆಂಬುದನ್ನು ಅವರು ಗಣಿಸಿದರು. ಸ್ಫಟಿಕದೊಳಗೆ ಅಣುಗಳು ಹೇಗೆ ಒರಗಿವೆಯೆಂಬುದನ್ನೂ ಅದರಿಂದ ಊಹಿಸಿದರು. ಈ ಕಾರ್ಯದಲ್ಲಿ ಅವರೊಡನೆ ಅವರದೇ ಶಿಷ್ಯರಿದ್ದರು. ಪ್ರಶ್ನೆ ತನ್ನದು, ಉಪಾಯ ತನ್ನದು, ತಪ್ಪಿದರೆ ಹೊಣೆಯೂ ತನ್ನದು, ಸ್ವಾತಂತ್ರ್ಯವೆಂಬುದು ಇದು.

ಎಲ್ಲರಿಗೂ ಬಾಗಿಲು ಹೀಗೆ ತೆರೆದಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. 1933ರಲ್ಲಿ ಬೊಂಬಾಯಿಯ ಪದವೀಧರೆ ಕಮಲಾ ಭಾಗವತ್, ಮುಂದೆ ಕಮಲಾ ಸೊಹೋನಿಯೆಂದು ಪ್ರಸಿದ್ಧರಾದವರು, ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಸೇರಬಯಸಿದಾಗ, ಆಗ ನಿರ್ದೇಶಕರಾಗಿದ್ದ ಅದೇ ರಾಮನ್ ಅವರು ಹೆಣ್ಣೆಂಬ ಕಾರಣಕ್ಕೆ ಪ್ರವೇಶವನ್ನು ನಿರಾಕರಿಸಿದರು. ಕಮಲಾ ಹಿಂದೆಗೆಯಲಿಲ್ಲ; ಕಡೆಗೆ ಷರತ್ತುಗಳೊಡನೆ ಒಂದು ವರ್ಷದ ಮಟ್ಟಿಗೆ ಅನುಮತಿ ದೊರೆಯಿತು. ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲಿನ ಮತ್ತು ಬೇಳೆಕಾಳುಗಳ ಪ್ರೋಟೀನನ್ನು ಅಭ್ಯಸಿಸಿ, ತಮ್ಮ ಯೋಗ್ಯತೆಯನ್ನು ಸಂಶಯಕ್ಕೆಡೆಯಿಲ್ಲದಂತೆ ಸ್ಥಾಪಿಸಿ, ಅವರು ಕೇಂಬ್ರಿಜ್‌ಗೆ ತೆರಳಿದರು. ಅಲ್ಲಿ ಆಲೂಗಡ್ಡೆಯನ್ನು ಪರೀಕ್ಷಿಸುತ್ತ, ಜೀವಕೋಶದ ಉಸಿರಾಟದಲ್ಲಿ ಪಾತ್ರವಹಿಸುವ 'ಸೈಟೋಕ್ರೋಮ್ ಸಿ' ಸಸ್ಯಗಳಲ್ಲಿಯೂ ಉಂಟೆಂದು ಕಂಡುಕೊಂಡು, 1939ರಲ್ಲಿ ಡಾಕ್ಟರೇಟ್ ಪಡೆದರು. ಪ್ರಬಂಧದ ಗಾತ್ರ ಸುಮಾರು 40 ಪುಟ ಮಾತ್ರ. ತೂಕವಿದ್ದಲ್ಲಿ ಗಾತ್ರವನ್ನು ಕೇಳುವವರಾರು?

ನಮ್ಮ ನುಡಿಯಲ್ಲಿ 'ಕೈಹಿಡಿಯುವುದು' ಎಂದರೆ ಆಸರೆ, 'ಕೈಬಿಡುವುದು' ಎಂದರೆ ದ್ರೋಹ. ಮಾರ್ಗದರ್ಶಕನ ವಿವೇಕವಿರುವುದು ಇವೆರಡರ ನಡುವೆ, ಹಿಡಿದ ಕೈಯನ್ನು ಹದವರಿತು ಸಡಿಲಿಸುವುದರಲ್ಲಿ. ಮೊದಲ ವರ್ಷ ಸಮಸ್ಯೆಯನ್ನು ತಾನೇ ಆರಿಸಿಕೊಡುವುದು ವಿಹಿತ. ಕೊನೆಯ ವರ್ಷದಲ್ಲಿಯೂ ಹಾಗೆಯೇ ಮಾಡಿದರೆ ಸಿದ್ಧವಾಗುವವನು ನಿಪುಣನಾದ ಸಹಾಯಕನೇ ಹೊರತು ಸಂಶೋಧಕನಲ್ಲ. ವಿದ್ಯಾರ್ಥಿಯೊಬ್ಬಳು ಒಂದು ದಿನ ಟಿಪ್ಪಣಿಪುಸ್ತಕವನ್ನು ತೆರೆದು, "ಸರ್, ನೀವು ಹೇಳಿದಂತೆ ಆಗುತ್ತಿಲ್ಲ, ಮೂರು ಸಲ ಮಾಡಿ ನೋಡಿದೆ. ನನಗೆ ತೋರುವ ಕಾರಣವೇ ಬೇರೆ" ಎಂದು ವಿನಯದಿಂದ, ಆದರೆ ಅಳುಕದೆ, ಹೇಳುವ ಗಳಿಗೆಯೊಂದುಂಟು. ಶಿಷ್ಯನಿಂದ ಸೋಲನ್ನು ಬಯಸುವವನೇ ಗುರುವೆಂದು ನಮ್ಮ ಹಿರಿಯರು ಹೇಳಿದ್ದು ಇಂತಹ ಗಳಿಗೆಗಾಗಿಯೇ. ಆಗ ಗುರುವಾದವನು ತನ್ನ ಮಾತನ್ನು ಸಮರ್ಥಿಸಿಕೊಳ್ಳದೆ, ಕುರ್ಚಿಯನ್ನು ಮುಂದಕ್ಕೆಳೆದು, "ಎಲ್ಲಿ, ತೋರಿಸಮ್ಮ" ಎಂದರೆ, ಪದವಿಪ್ರದಾನದ ಸಮಾರಂಭ ಇನ್ನೂ ದೂರವಿದ್ದರೂ, ಒಬ್ಬ ಸಂಶೋಧಕಿಯ ಉದಯ ಅಂದೇ ಆಯಿತೆಂದು ತಿಳಿಯಬೇಕು.