ಸರ್ವರ್ ಡೌನ್ ಅಂದ್ರೆ ಯಾರು ಡೌನ್?

ಚಿಂತಾಮಣಿ, ಶಿಡ್ಲಘಟ್ಟದ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಕಚೇರಿಗೆ ಬಂದರೆ ಅರ್ಜಿ ಕನ್ನಡದಲ್ಲಿ. ಕೌಂಟರಿನ ಆಚೆಯಿಂದ ಬರೋ ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಅದೂ ಎರಡೇ ಪದ. ಸರ್ವರ್ ಡೌನ್! ಅಕ್ಷರ ಬಾರದ ಅಜ್ಜಿಗೂ ಇದರ ಅರ್ಥ ಗೊತ್ತಾಗಿಹೋಗಿದೆ. ಇವತ್ತು ಹೋಗಿ, ನಾಳೆ ಬನ್ನಿ. ಪಹಣಿ ಬೇಕಾ? ಸರ್ವರ್ ಡೌನ್. ಜಾತಿ ಪ್ರಮಾಣಪತ್ರವಾ? ಸರ್ವರ್ ಡೌನ್. ರೇಷನ್ ಅಂಗಡಿಯಲ್ಲಿ ಬೆರಳು ಒತ್ತಿ ಒತ್ತಿ ಸವೆಯಿತಾ? ಅದೂ ಸರ್ವರ್ ಡೌನ್.

ಹೇಳೋ ಧಾಟಿ ಗಮನಿಸಿ ವೀಕ್ಷಕರೇ. ಮಳೆ ಬಂತು, ಗಾಳಿ ಬೀಸಿತು ಅನ್ನೋ ಹಾಗೆ. ಯಾರೂ ಏನೂ ಮಾಡಿಲ್ಲ, ತಾನಾಗೇ ಬಿತ್ತು ಅನ್ನೋ ಹಾಗೆ. ಅಲ್ಲಾ ಸ್ವಾಮಿ, ಸರ್ವರ್ ಏನು ಆಕಾಶದಲ್ಲಿದೆಯಾ? ಅದೂ ಒಂದು ಕಂಪ್ಯೂಟರೇ. ಎಲ್ಲೋ ಒಂದು ಎಸಿ ರೂಮಿನಲ್ಲಿ ಕೂತಿದೆ. ಅದಕ್ಕೆ ಕರೆಂಟು ಬೇಕು, ತಂಪು ಬೇಕು, ಕೇಬಲ್ ಬೇಕು. ಅದನ್ನ ಕಾಯೋದಕ್ಕೆ ಒಬ್ಬ ಮನುಷ್ಯ ಬೇಕು. ಆ ಮನುಷ್ಯನ ಹೆಸರೇ ಸಿಸ್ಟಂ ಅಡ್ಮಿನಿಸ್ಟ್ರೇಟರ್.

ನಮ್ಮ ಕೆರೆಗಳ ಸೀಮೆಯವರಿಗೆ ಈ ಕೆಲಸ ಅರ್ಥ ಮಾಡಿಸೋದು ಸುಲಭ. ನೀರುಗಂಟಿ ಗೊತ್ತಲ್ಲ? ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳೋನು. ಗದ್ದೆಗೆ ನೀರು ಬಂದ ದಿನ ಅವನ ಹೆಸರು ಯಾರೂ ಎತ್ತಲ್ಲ. ಬರದೇ ಹೋದ ದಿನ ಇಡೀ ಊರು ಅವನ ಮನೆ ಮುಂದೆ. ಸಿಸ್ಟಂ ಅಡ್ಮಿನ್ ಪಾಡೂ ಇದೇ. ವ್ಯತ್ಯಾಸ ಒಂದೇ. ನೀರುಗಂಟಿ ತಪ್ಪು ತೂಬು ಎತ್ತಿದರೆ ಒಂದು ಊರಿನ ನೀರು ಹೋಗುತ್ತೆ. ಇವನು ತಪ್ಪು ಬಟನ್ ಒತ್ತಿದರೆ ಪ್ರಪಂಚಕ್ಕೇ ತಟ್ಟಬಹುದು.

ಉತ್ಪ್ರೇಕ್ಷೆ ಅಂತೀರಾ? 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಅನ್ನೋ ಕಂಪನಿಯಲ್ಲಿ ಏನಾಯ್ತು ನೋಡಿ. ಸಾಫ್ಟ್‌ವೇರ್ ಬರೆಯೋರು ತಮ್ಮ ಕೆಲಸ ಕೂಡಿಡೋ ಜಾಗ ಅದು. ಅಲ್ಲಿ ಎರಡು ಡೇಟಾಬೇಸ್ ಸರ್ವರ್. ಒಂದು ಅಸಲಿ, ಇನ್ನೊಂದು ಅದರ ನಕಲು. ನಕಲು ಕೆಟ್ಟು ನಿಂತಿತ್ತು. ಹೊತ್ತು ಮೀರಿ ಕೆಲಸ ಮಾಡುತ್ತಿದ್ದ ಎಂಜಿನಿಯರ್ ಒಬ್ಬ, ಅದನ್ನ ಖಾಲಿ ಮಾಡಿ ಹೊಸದಾಗಿ ತುಂಬೋಣ ಅಂತ ಅಳಿಸೋ ಆದೇಶ ಕೊಟ್ಟ. ಆದೇಶ ಸರಿಯಾಗೇ ಇತ್ತು. ಕೊಟ್ಟ ಸರ್ವರ್ ಬೇರೆ! ಎರಡರ ಪರದೆಯೂ ಒಂದೇ ಥರ ಕಪ್ಪು, ಹೆಸರಿನಲ್ಲಿ ಒಂದಂಕಿ ವ್ಯತ್ಯಾಸ. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ನಿಲ್ಲಿಸಿದ. ಅಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದಿದ್ದು 4.5 ಜಿಬಿ.

ಬ್ಯಾಕಪ್ ಇರಲಿಲ್ವಾ ಅಂತ ಕೇಳ್ತೀರಿ. ಇತ್ತು, ಐದು ಥರದ ವ್ಯವಸ್ಥೆ ಇತ್ತು. ಒಂದೂ ನೆಚ್ಚಿಕೊಳ್ಳೋ ಹಾಗಿರಲಿಲ್ಲ. ಒಂದು ಬ್ಯಾಕಪ್ ಬಹಳ ದಿನದಿಂದ ವಿಫಲ ಆಗ್ತಾನೇ ಇತ್ತು. ವಿಫಲ ಆಗಿದೆ ಅಂತ ಹೇಳಬೇಕಾದ ಇ-ಮೇಲ್ ಕೂಡ ಯಾರಿಗೂ ತಲುಪುತ್ತಿರಲಿಲ್ಲ. ಕೊನೆಗೆ ಉಳಿಸಿದ್ದು, ಅದೇ ಎಂಜಿನಿಯರ್ ಆರು ಗಂಟೆ ಮುಂಚೆ ಬೇರೆ ಯಾವುದೋ ಕೆಲಸಕ್ಕೆ ಅಂತ ತೆಗೆದಿಟ್ಟಿದ್ದ ಒಂದು ಪ್ರತಿ. ಆರು ಗಂಟೆಯ ಮಾಹಿತಿ ಮಾತ್ರ ಹೋಯ್ತು.

ನನಗೆ ಇಷ್ಟವಾಗೋದು ಇದಾದ ಮೇಲಿನ ಕಥೆ. ಕಂಪನಿ ಮುಚ್ಚಿಡಲಿಲ್ಲ. ದುರಸ್ತಿ ಕೆಲಸವನ್ನ ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡಿತು. ಏನು ತಪ್ಪಾಯ್ತು ಅಂತ ಸಾಲುಸಾಲಾಗಿ ಬರೆದು ಪ್ರಕಟಿಸಿತು. ಆ ಎಂಜಿನಿಯರನ್ನ ಕೆಲಸದಿಂದ ತೆಗೆಯಲಿಲ್ಲ. ನಮ್ಮಲ್ಲಾದರೆ? ಹೊರಗುತ್ತಿಗೆ ಹುಡುಗ ಮರುದಿನವೇ ಮನೆಗೆ. ಕೆಟ್ಟ ಬ್ಯಾಕಪ್ ಮಾತ್ರ ಅಲ್ಲೇ ಇರುತ್ತೆ, ಮುಂದಿನ ಹುಡುಗನಿಗೆ ಕಾಯ್ತಾ.

2024ರ ಜುಲೈ 19, ಶುಕ್ರವಾರ. ಚಿಕ್ಕಬಳ್ಳಾಪುರದಿಂದ ಹೈವೇ ಹಿಡಿದರೆ ಸಿಗೋ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಚೆಕ್-ಇನ್ ಕಂಪ್ಯೂಟರುಗಳು ಕೈಕೊಟ್ಟವು. ಕ್ರೌಡ್‌ಸ್ಟ್ರೈಕ್ ಅನ್ನೋ ಭದ್ರತಾ ಕಂಪನಿ ಕಳಿಸಿದ ಒಂದು ಚಿಕ್ಕ ಫೈಲು ಪ್ರಪಂಚದಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನ ಮಲಗಿಸಿತ್ತು. ಕಳ್ಳರನ್ನ ತಡೆಯೋಕೆ ಇಟ್ಟ ಕಾವಲುಗಾರನೇ ಮನೆಯವರನ್ನ ಒಳಗೆ ಹಾಕಿ ಬೀಗ ಜಡಿದ ಹಾಗೆ! ಕಂಪನಿ ಆ ಫೈಲನ್ನ 78 ನಿಮಿಷದಲ್ಲಿ ಸರಿಮಾಡಿತು. ಆದರೆ ಮಲಗಿದ ಯಂತ್ರಕ್ಕೆ ಹೊಸ ಫೈಲು ತಲುಪೋದು ಹೇಗೆ? ಎಷ್ಟೋ ಕಡೆ ಅಡ್ಮಿನ್‌ಗಳು ಒಂದೊಂದೇ ಕಂಪ್ಯೂಟರ್ ಮುಂದೆ ಕೂತು, ಸೇಫ್ ಮೋಡಿನಲ್ಲಿ ಎಬ್ಬಿಸಿ, ಕೈಯಾರೆ ಆ ಫೈಲು ಅಳಿಸಬೇಕಾಯ್ತು. ಅವರ ಶನಿವಾರ, ಭಾನುವಾರ ಅಲ್ಲೇ ಹೋಯ್ತು. ತಮಾಷೆ ಏನು ಗೊತ್ತಾ? ಜುಲೈ ತಿಂಗಳ ಕೊನೆಯ ಶುಕ್ರವಾರ ಸಿಸ್ಟಂ ಅಡ್ಮಿನ್‌ಗಳಿಗೆ ಥ್ಯಾಂಕ್ಸ್ ಹೇಳೋ ದಿನ. ಆ ವರ್ಷ ಅದು ಸರಿಯಾಗಿ ಒಂದು ವಾರದ ನಂತರ ಬಂತು.

ಈಗ ನಮ್ಮ ಮನೆಬಾಗಿಲಿಗೆ ಬರೋಣ. 2024ರ ಅಕ್ಟೋಬರಿನಲ್ಲಿ ರೇಷನ್ ಅಂಗಡಿಗಳ ಮುಂದೆ ಕ್ಯೂ ಬೆಳೆಯಿತು. ಕಾರಣ, ಪಡಿತರದ ಮಾಹಿತಿಯನ್ನ ಎನ್‌ಐಸಿಯ ಹಳೇ ಸರ್ವರಿನಿಂದ ರಾಜ್ಯದ ಡೇಟಾ ಸೆಂಟರಿಗೆ ಸಾಗಿಸುತ್ತಿದ್ದರು. ಮನೆ ಬದಲಾಯಿಸೋದು ತಪ್ಪಲ್ಲ. ಆದರೆ ಜನ ಅಕ್ಕಿಗೆ ನಿಂತಿರೋವಾಗಲೇ ಒಲೆ ಎತ್ತಿ ಲಾರಿಗೆ ಹಾಕ್ತಾರಾ ಯಾರಾದ್ರೂ?

2025ರ ಜನವರಿಯದು ಬೇರೆಯೇ ಥರ. ಸೈಟು, ಜಮೀನು ನೋಂದಣಿಯ ಕಾವೇರಿ 2.0 ಏದುಸಿರು ಬಿಡೋಕೆ ಶುರುವಾಯ್ತು. ಮೊದಮೊದಲು ಎಲ್ಲರೂ ಅದೇ ಹಳೇ ರಾಗ ಅಂದುಕೊಂಡರು. ಆಮೇಲೆ ಗೊತ್ತಾಯ್ತು, ಯಾರೋ ನಕಲಿ ಖಾತೆ ತೆರೆದು ಬೇಕಂತಲೇ ಇಸಿ ಹುಡುಕಾಟದ ಕೋರಿಕೆಗಳನ್ನ ಸುರಿಯುತ್ತಿದ್ದರು. ಒಂದು ಹಂತದಲ್ಲಿ ಎರಡೇ ಗಂಟೆಗೆ 6.2 ಲಕ್ಷ ಕೋರಿಕೆ. 62 ಇ-ಮೇಲ್ ಖಾತೆ, 14 ಐಪಿ ವಿಳಾಸ ಅಂತ ಸರ್ಕಾರ ಲೆಕ್ಕ ಕೊಟ್ಟಿತು, ಸೈಬರ್ ಪೊಲೀಸರಿಗೆ ದೂರು ಹೋಯ್ತು. ಒಂದು ಕೌಂಟರಿಗೆ ಕೆಲಸವಿಲ್ಲದ ಸಾವಿರ ಜನ ಬಂದು ನಿಂತರೆ ಕೆಲಸ ಇರೋನು ಒಳಗೆ ಹೋಗೋಕಾಗುತ್ತಾ? ಇಷ್ಟೇ ಸಂಗತಿ. ಆದರೆ ಉಪನೋಂದಣಿ ಕಚೇರಿ ಜಗಲಿಯಲ್ಲಿ ಸಾಕ್ಷಿಗಳನ್ನ ಕರ್ಕೊಂಡು ಕೂತಿದ್ದ ರೈತನಿಗೆ ಸಿಕ್ಕಿದ್ದು ಅದೇ ಎರಡು ಪದ.

ಅಂದ್ರೆ ನೋಡಿ, ಸಾಗಾಟ ಒಂದು ಕಾರಣ, ದಾಳಿ ಇನ್ನೊಂದು ಕಾರಣ, ಕೈತಪ್ಪು ಮತ್ತೊಂದು. ಔಷಧಿ ಬೇರೆಬೇರೆ. ಕೌಂಟರಿನಲ್ಲಿ ರೋಗದ ಹೆಸರು ಮಾತ್ರ ಒಂದೇ!

ಇದರ ಬಿಸಿ ಶಿಡ್ಲಘಟ್ಟದ ರೇಷ್ಮೆಗೂಡು ಮಾರುಕಟ್ಟೆಯವರಿಗೆ ಗೊತ್ತಾಗುವಷ್ಟು ಬೇರೆಯವರಿಗೆ ಗೊತ್ತಾಗಲ್ಲ. ರಾಮನಗರ ಬಿಟ್ಟರೆ ದೊಡ್ಡ ಗೂಡು ಮಾರುಕಟ್ಟೆ ಅಂತ ಹೆಸರಾದದ್ದು. ಈಗ ಅಲ್ಲಿ ಇ-ಹರಾಜು, ರೀಲರ್‌ಗಳು ಮೊಬೈಲಿನಲ್ಲೇ ಬಿಡ್ ಹಾಕ್ತಾರೆ. ಗುಟ್ಟಾಗಿ ಮಾತಾಡಿಕೊಂಡು ರೇಟು ಇಳಿಸೋದಕ್ಕೆ ಇದರಿಂದ ಅಡ್ಡಿಯಾಗಿದೆ, ಒಳ್ಳೇದೇ. ಆದರೆ ಗೂಡು ಅನ್ನೋದು ಸಿಮೆಂಟ್ ಮೂಟೆ ಅಲ್ಲ. ಒಳಗೆ ಜೀವ ಇದೆ. ಹುಳು ಗೂಡು ಕಟ್ಟಿ ಸುಮಾರು ಎರಡು ವಾರದೊಳಗೆ ಚಿಟ್ಟೆಯಾಗಿ ಗೂಡು ತೂತು ಮಾಡಿ ಹೊರಗೆ ಬರುತ್ತೆ, ಆಮೇಲೆ ಆ ಗೂಡಿನಿಂದ ಉದ್ದದ ಎಳೆ ಬಿಚ್ಚೋಕಾಗಲ್ಲ. ಅಷ್ಟು ದಿನ ಯಾಕೆ, ಬೆಳಗ್ಗೆ ತಂದ ಲಾಟು ಮಧ್ಯಾಹ್ನದವರೆಗೆ ಕೂತರೆ ಒಣಗಿ ತೂಕ ಇಳಿಯುತ್ತೆ. ಪಹಣಿ ಬೇಕಾದೋನು ನಾಳೆ ಬರ್ತಾನೆ. ಹುಳಕ್ಕೆ ನಾಳೆ ಬಾ ಅಂತ ಹೇಳೋರು ಯಾರು?

ಹಾಗಂತ ಕಂಪ್ಯೂಟರ್ ಬೇಡ, ಹಳೇ ಕಾಲವೇ ಚೆನ್ನಾಗಿತ್ತು ಅನ್ನೋರ ಜೊತೆ ನಾನಿಲ್ಲ. ಭೂಮಿ ಯೋಜನೆ ಬರೋ ಮುಂಚೆ ಕೈಬರಹದ ಪಹಣಿಗೆ ಜನ ಎಷ್ಟು ಅಲೆದಿದ್ದಾರೆ, ಎಷ್ಟು ಕೈಬಿಸಿ ಮಾಡಿದ್ದಾರೆ ಅನ್ನೋದು ಹಿರಿಯರಿಗೆ ನೆನಪಿದೆ. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆ ಕಂಪ್ಯೂಟರಿಗೆ ಹೋದವು, ಕೈಬರಹದ ಪಹಣಿಗೆ ಬೆಲೆ ಹೋಯ್ತು. ಸರಿಯಾದ ಕೆಲಸ. ಆದರೆ ಪೆನ್ನು ಕಿತ್ತುಕೊಂಡ ಮೇಲೆ, ಕಂಪ್ಯೂಟರ್ ನಿಂತಾಗ ಏನು ಅನ್ನೋದಕ್ಕೂ ಉತ್ತರ ಬೇಕಲ್ಲ. ಆ ಜುಲೈ ಶುಕ್ರವಾರ ವಿಮಾನ ಕಂಪನಿಗಳು ಬೋರ್ಡಿಂಗ್ ಪಾಸನ್ನ ಕೈಯಲ್ಲಿ ಬರೆದುಕೊಟ್ಟವು, ಆ ಚೀಟಿ ಹಿಡಿದು ಜನ ವಿಮಾನ ಹತ್ತಿದರು. ನಾಡಕಚೇರಿಯಲ್ಲಿ ಅಂಥ ಚೀಟಿ ಎಲ್ಲಿದೆ?

ಇದೇ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದವರು ಸರ್ ಎಂವಿ. 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ ಅವರು ಕೂರಿಸಿದ್ದು ಸ್ವಯಂಚಾಲಿತ ಗೇಟು. ನೀರು ಮಟ್ಟ ಮೀರಿದರೆ ತಾನೇ ತೆರೆದುಕೊಳ್ಳುತ್ತೆ, ಇಳಿದರೆ ತಾನೇ ಮುಚ್ಚಿಕೊಳ್ಳುತ್ತೆ. ಕಾವಲುಗಾರ ನಿದ್ದೆ ಹೋದರೂ ಅಣೆಕಟ್ಟಿಗೆ ಅಪಾಯವಿಲ್ಲ. ಮನುಷ್ಯ ತಪ್ಪು ಮಾಡೇ ಮಾಡ್ತಾನೆ ಅಂತ ಒಪ್ಪಿಕೊಂಡೇ ಕಟ್ಟಿದ ವ್ಯವಸ್ಥೆ ಅದು. ಪ್ರತಿ ಸೆಪ್ಟೆಂಬರ್ 15ಕ್ಕೆ ಹಾರ ಹಾಕೋ ಅಧಿಕಾರಿಗಳು ಅಂದೇ ತಮ್ಮ ಸರ್ವರ್ ರೂಮಿಗೂ ಒಂದು ಸಲ ಹೋಗಿಬರಲಿ. ಬ್ಯಾಕಪ್ ಇದೆಯಾ ಅಂತ ಕೇಳಬೇಡಿ, ಇದೆ ಅಂತಲೇ ಹೇಳ್ತಾರೆ. ಅದರಿಂದ ಮಾಹಿತಿಯನ್ನ ವಾಪಸ್ ತಂದು ನೋಡಿದ್ದು ಯಾವತ್ತು ಅಂತ ಕೇಳಿ. ಅಳಿಸೋ ಆದೇಶ ಕೊಡೋವಾಗ ಪಕ್ಕದಲ್ಲಿ ಇನ್ನೊಬ್ಬ ಕೂತು ನೋಡ್ತಾನಾ ಅಂತ ಕೇಳಿ. ಆ ಹುಡುಗ ಎಷ್ಟು ಗಂಟೆಯಿಂದ ನಿದ್ದೆ ಮಾಡಿಲ್ಲ ಅಂತ ಕೇಳಿ.

ವೀಕ್ಷಕರೇ, ನೀವೂ ಅಷ್ಟೇ. ಗೌರಿಬಿದನೂರಿನಲ್ಲೋ ಚಿಂತಾಮಣಿಯಲ್ಲೋ ಮುಂದಿನ ಸಲ ಸರ್ವರ್ ಡೌನ್ ಅಂದಾಗ ಕೌಂಟರಿನ ಹುಡುಗಿ ಮೇಲೆ ಕೂಗಾಡಬೇಡಿ, ಅವಳ ಕೈಯಲ್ಲಿ ಏನೂ ಇಲ್ಲ. ಎಷ್ಟು ಗಂಟೆಯಿಂದ ಡೌನ್, ಕಾರಣ ಏನು, ನಾನು ಇವತ್ತು ಬಂದಿದ್ದೆ ಅನ್ನೋದಕ್ಕೆ ದಿನಾಂಕ ಹಾಕಿ ಒಂದು ಚೀಟಿ ಕೊಡಮ್ಮ ಅನ್ನಿ. ಅರ್ಜಿಗೆ ಕೊನೇ ದಿನಾಂಕ ಮೀರಿಹೋಯ್ತು ಅಂತ ಮೇಲಿನವರು ತಕರಾರು ತೆಗೆದಾಗ, ಆ ಚೀಟಿ ನಿಮ್ಮ ಜೇಬಿನಲ್ಲಿರಲಿ.